ಬಸಿರಿನಲ್ಲಿ ಬರುವ ಸೊಂಟದ ಕೀಲುನೋವು
(ಲಫ್‌ಬರೋದ ಕುಟುಂಬ ಕೂಟದಲ್ಲಿ ಸಹೋದರಿಯೊಬ್ಬರು ಆಡಿದ ಮಾತಿನ ಬರಹರೂಪ)

ಹೆಂಗಸರ ವಿಷಯ ಅಂತ ಗಂಡಸರು ಎದ್ದು ಹೋಗುವುದು ಬೇಡ, ಕೂತು ಕೇಳಿ. ಅರ್ಧ ಮಾತು ನಿಮಗೇ ಹೇಳಲಿಕ್ಕಿರುವುದು.

ನನ್ನ ಎರಡನೇ ಬಸಿರಿನ ಐದನೇ ತಿಂಗಳು. ರಾತ್ರಿ ಮಗ್ಗುಲು ಬದಲಿಸುವಾಗ ಹೊಟ್ಟೆಯ ಕೆಳಗಿನ ಮೂಳೆಯಲ್ಲಿ ಸೀಳಿದ ಹಾಗೆ ನೋವು. ಇಲ್ಲಿಯ ಮನೆಗಳು ನಿಮಗೆ ಗೊತ್ತುಂಟಲ್ಲ, ಕಡಿದಾದ ಮೆಟ್ಟಿಲು, ಸ್ನಾನ ಮಾಡಬೇಕಾದರೆ ಟಬ್ಬಿನ ಗೋಡೆ ದಾಟಬೇಕು. ಆ ಒಂದು ಕಾಲು ಎತ್ತಲಿಕ್ಕೇ ಆಗುತ್ತಿರಲಿಲ್ಲ. ಊರಿಗೆ ಫೋನ್ ಮಾಡಿದರೆ ಉಮ್ಮ, "ಬಸುರಿಗೆ ಸೊಂಟನೋವು ಬಾರದೆ ಮತ್ತೆ ಯಾರಿಗೆ ಬರ್ತದೆ? ಹೆತ್ತ ಮೇಲೆ ಸರಿಯಾಗ್ತದೆ" ಅಂದರು. ನಾನೂ ಎರಡು ತಿಂಗಳು ಸುಮ್ಮನಿದ್ದೆ. ಮಿಡ್‌ವೈಫ್ ಕೇಳಿದಾಗಲೂ "ಫೈನ್" ಅಂದೆ. ತಪ್ಪಾದದ್ದು ಅಲ್ಲಿ.

ಈ ನೋವಿಗೆ ಹೆಸರುಂಟು, ಪೆಲ್ವಿಕ್ ಗರ್ಡಲ್ ಪೇಯ್ನ್. ಇಲ್ಲಿ ಚಿಕ್ಕದಾಗಿ ಪಿಜಿಪಿ ಅಂತಾರೆ. ಸೊಂಟದ ಮೂಳೆಗೂಡಿಗೆ ಮುಂದೆ ಒಂದು, ಹಿಂದೆ ಎರಡು ಕೀಲು. ಅವು ಒಂದೇ ಸಮನೆ ಅಲುಗಾಡದಿದ್ದರೆ, ಸುತ್ತಲಿನ ಸ್ನಾಯುಗಳಿಗೆ ಭಾರ ತಡೆಯದಿದ್ದರೆ ನೋವು ಶುರು. ಮುಂದೆಯೂ ಬರಬಹುದು, ಬೆನ್ನ ಕೆಳಗೂ, ತೊಡೆಯಲ್ಲೂ. 5 ಬಸುರಿಯರಲ್ಲಿ ಒಬ್ಬರಿಗೆ ಬರುತ್ತದೆ ಅಂತ ಇಲ್ಲಿಯ ವೈದ್ಯರ ಲೆಕ್ಕ. ಮಗುವಿಗೆ ಇದರಿಂದ ತೊಂದರೆ ಇಲ್ಲ. ಆದರೆ ಬೇಗ ಹೇಳಿದಷ್ಟು ಬೇಗ ಹತೋಟಿಗೆ ಬರುತ್ತದೆ. ಮಿಡ್‌ವೈಫ್ ಅಥವಾ ಜಿಪಿ ಹತ್ತಿರ ಫಿಸಿಯೋಥೆರಪಿಗೆ ಕಳಿಸಿ ಅಂತ ಬಾಯಿಬಿಟ್ಟು ಕೇಳಿ. ಇಂಗ್ಲಿಷ್ ಬಾರದಿದ್ದರೆ ದುಭಾಷಿ ಬೇಕು ಅನ್ನಿ, ಅದಕ್ಕೆ ದುಡ್ಡಿಲ್ಲ. ಇಂಥ ವಿಷಯಕ್ಕೆ ಶಾಲೆಗೆ ಹೋಗುವ ಮಗನನ್ನು ಕರೆದುಕೊಂಡು ಹೋಗಬೇಡಿ.

ಫಿಸಿಯೋ ನನಗೆ ಹೇಳಿದ್ದೆಲ್ಲ ಸಣ್ಣ ಸಣ್ಣದು. ಮಲಗುವಾಗ ಮಂಡಿಗಳ ನಡುವೆ ದಿಂಬು. ಮಗ್ಗುಲಾಗುವಾಗ, ಕಾರಿನಿಂದ ಇಳಿಯುವಾಗ ಎರಡೂ ಮಂಡಿ ಒಟ್ಟಿಗೆ. ಕೂತೇ ಬಟ್ಟೆ ಹಾಕಿಕೊಳ್ಳುವುದು. ಮೆಟ್ಟಿಲು ಒಂದೊಂದೇ, ಹತ್ತುವಾಗ ನೋವು ಕಡಿಮೆ ಇರುವ ಕಾಲು ಮೊದಲು. ನೆಲದಲ್ಲಿ ಚಕ್ಕಳಮಕ್ಕಳ ಕೂರುವುದು ಬೇಡ. ಕುರ್ಚಿಯಲ್ಲಿ ನಮಾಝ್ ಮಾಡಲು ನಾಚಿಕೆ ಬೇಡ, ಕಾಯಿಲೆಯವರಿಗೆ ಆ ರಿಯಾಯಿತಿ ಉಂಟು. ನಮ್ಮೂರಿನ ಅಭ್ಯಾಸದಲ್ಲಿ ದೊಡ್ಡ ಮಗುವನ್ನು ಒಂದು ಸೊಂಟಕ್ಕೆ ಹಾಕಿಕೊಂಡು ಅಡುಗೆ ಮಾಡ್ತೇವಲ್ಲ, ಅದನ್ನು ನಾನು ಅತ್ತುಕೊಂಡೇ ಬಿಟ್ಟದ್ದು. ಮಗನಿಗೆ ಅರ್ಥವಾಗುತ್ತಿರಲಿಲ್ಲ, ಕೈ ಚಾಚಿ ನಿಂತಿರುತ್ತಿದ್ದ.

ಮಾತ್ರೆ ನೀವಾಗಿಯೇ ನುಂಗಬೇಡಿ. ಬಸಿರಿನಲ್ಲಿ ಪ್ಯಾರಸಿಟಮಾಲ್ ಆಗ್ತದೆ. ಐಬುಪ್ರೊಫೇನ್ ಡಾಕ್ಟರ್ ಹೇಳದೆ ಬೇಡ. ಮೂತ್ರ ಹೋಗದಿದ್ದರೆ, ತೊಡೆ ಸಂದು ಮರಗಟ್ಟಿದರೆ, ರಕ್ತ ಹೋದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ.

ಹೆರಿಗೆಗೆ ಹೋಗುವ ಮೊದಲೇ ಪಿಜಿಪಿ ಉಂಟು ಅಂತ ಹೇಳಿ, ಫೈಲಿನಲ್ಲಿ ಬರೆಸಿ. ಕಾಲು ಎಷ್ಟು ಅಗಲಿಸಿದರೆ ನೋವಾಗುವುದಿಲ್ಲ ಅಂತ ಅವರು ಮೊದಲೇ ನೋಡಿಟ್ಟುಕೊಳ್ಳುತ್ತಾರೆ. ಎಪಿಡ್ಯೂರಲ್ ಕೊಟ್ಟ ಮೇಲೆ ನಮಗೆ ನೋವು ಗೊತ್ತಾಗದಲ್ಲ, ಆಗ ಅದು ಬೇಕಾಗ್ತದೆ. ಹೆಚ್ಚಿನವರಿಗೆ ಸಹಜ ಹೆರಿಗೆಯೇ ಆಗುತ್ತದೆ, ಇದಕ್ಕೋಸ್ಕರ ಆಪರೇಷನ್ ಬೇಕಿಲ್ಲ.

ಇನ್ನು 40 ದಿನದ ಬಾಣಂತನ. ಬಿಸಿನೀರು, ಎಣ್ಣೆ ಹಿತವೇ. ಆದರೆ ಹೊಟ್ಟೆ ಬಿಗಿಯಾಗಿ ಕಟ್ಟಿದರೆ ಕೀಲು ಸರಿಯಾಗುವುದಿಲ್ಲ; ಇದಕ್ಕೆ ಕೊಡುವ ಬೆಲ್ಟ್ ಬೇರೆ, ಅದು ಕೆಳಗೆ, ಸೊಂಟದ ಮೂಳೆಯ ಸುತ್ತ. ಮಲಗಿಯೇ ಇರುವುದೂ ಒಳ್ಳೆಯದಲ್ಲ, ಸ್ವಲ್ಪ ಸ್ವಲ್ಪ ನಡೆಯಬೇಕು. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ಗುಣವಾಗುತ್ತದೆ. ನನಗೆ ಐದು ತಿಂಗಳು ಹಿಡಿಯಿತು. 6ರಿಂದ 8 ವಾರಕ್ಕೆ ಜಿಪಿ ತಪಾಸಣೆ ಇರುತ್ತದೆ, ನೋವು ಉಳಿದಿದ್ದರೆ ಅಲ್ಲಿ ಪುನಃ ಕೇಳಿ. ಮುಂದಿನ ಬಸಿರಿನಲ್ಲಿ ಮರಳಬಹುದು, ಆಗ ಮೊದಲೇ ಹೇಳಿಬಿಡಿ.

ಈಗ ಗಂಡಸರಿಗೆ. ವೇರ್‌ಹೌಸಿನಲ್ಲಿ ದಿನವಿಡೀ ನಿಂತು ಬಂದವರಿಗೆ ಸುಸ್ತು ಇರ್ತದೆ, ಗೊತ್ತುಂಟು. ಆದರೂ ಟ್ರಾಲಿ ನೂಕುವುದು, ವ್ಯಾಕ್ಯೂಮ್, ಒದ್ದೆ ಬಟ್ಟೆಯ ಬುಟ್ಟಿ, ಈ ಮೂರು ನಿಮ್ಮದು. ಖಾಯಂ ಕೆಲಸದಲ್ಲಿದ್ದರೆ ಹೆಂಡತಿಯ 2 ತಪಾಸಣೆಗೆ ಜೊತೆಗೆ ಹೋಗಲು ರಜೆ ಕೇಳುವ ಹಕ್ಕು ಇಲ್ಲಿಯ ಕಾನೂನಿನಲ್ಲಿ ಉಂಟು, ಒಂದಕ್ಕೆ ಆರೂವರೆ ಗಂಟೆವರೆಗೆ, ಸಂಬಳ ಸಿಗಲಿಕ್ಕಿಲ್ಲ. ಹೆಂಡತಿಯೂ ದುಡಿಯುವವಳಾದರೆ ಭಾರ ಎತ್ತುವ ಕೆಲಸ ಬದಲಿಸಿ ಅಂತ ಮ್ಯಾನೇಜರಿಗೆ ಬರೆದು ಕೊಡಿ. ಹೆಂಡತಿ ಊರಲ್ಲಿದ್ದರೆ, ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ಉಂಟು. ಫೋನಿನಲ್ಲಿ "ಊಟ ಆಯ್ತಾ" ಕೇಳಿದ ಮೇಲೆ "ಮೆಟ್ಟಿಲು ಹತ್ತಲಿಕ್ಕೆ ಆಗ್ತದಾ" ಅಂತಲೂ ಕೇಳಿ.

ನಮ್ಮ ನಡುವೆ ಈಗ ಯಾರಿಗಾದರೂ ಹೀಗೆ ನೋವು ಇದ್ದರೆ, ಎಲ್ಲರೆದುರು ಹೇಳುವುದು ಬೇಡ. ಊಟ ಆದ ಮೇಲೆ ಅಡುಗೆಕೋಣೆ ಹತ್ತಿರ ಬನ್ನಿ. ಸೋಮವಾರ ಬೆಳಿಗ್ಗೆ ಇಬ್ಬರೂ ಕೂತು ಜಿಪಿಗೆ ಫೋನ್ ಮಾಡುವ.