ದಾಟಿ ಹೋಗುವವರ ರಹದಾರಿ



ಮಗಳ ಬಾಣಂತನಕ್ಕೆಂದು ಹೊಸಪೇಟೆಯಿಂದ ಅಮೆರಿಕಕ್ಕೆ ಹೊರಡುವ ತಾಯಿ, ಓದಲಿಕ್ಕೆಂದು ಸಂಡೂರಿನಿಂದ ಕೆನಡಾಕ್ಕೆ ಹೊರಡುವ ಹುಡುಗ, ಇಬ್ಬರೂ ಎರಡು ದೇಶಗಳ ಕಾನೂನು ವಿಚಾರಿಸಿಕೊಂಡಿರುತ್ತಾರೆ. ಬಿಟ್ಟು ಹೊರಡುವ ದೇಶದ್ದೊಂದು, ಹೋಗಿ ಸೇರುವ ದೇಶದ್ದೊಂದು. ನಡುವೆ ವಿಮಾನ ಬದಲಾಯಿಸುವ ಊರು ಯಾರ ಲೆಕ್ಕಕ್ಕೂ ಬಂದಿರುವುದಿಲ್ಲ. ಎರಡು ಗಂಟೆ ಕೂತು ಎದ್ದುಹೋಗುವ ಜಾಗಕ್ಕೆ ಯಾರ ಅಪ್ಪಣೆ ಬೇಕು ಅನ್ನಿಸುವುದು ಸಹಜ. ಆದರೆ ಆ ನೆಲಕ್ಕೂ ಒಂದು ಸರ್ಕಾರವಿದೆ. ನಿಮ್ಮ ಪಾಸ್‌ಪೋರ್ಟು ಇನ್ನೆಷ್ಟು ದಿನ ಬಾಳುತ್ತದೆ ಎಂದು ಅದೂ ಕೇಳಬಹುದು. ನಡುದಾರಿಯ ಈ ದೊರೆಯ ಚರಿತ್ರೆಯನ್ನು ಹೇಳಲು ಲಂಡನ್ನಿಗೋ ದುಬೈಗೋ ಹೋಗಬೇಕಾಗಿಲ್ಲ. ಕಂಪ್ಲಿ, ಹಂಪಿ, ಹೊಸಪೇಟೆ, ಸಂಡೂರು ಈ ನಾಲ್ಕು ಊರುಗಳ ಸುತ್ತಲೇ ಅದರ ಬಹುಭಾಗ ಸಿಗುತ್ತದೆ.

ಕಂಪ್ಲಿಯಿಂದಲೇ ಹೊರಡೋಣ. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಹತ್ತಿರದ ಸಂಬಂಧಿ ಬಹಾಉದ್ದೀನ್ ಗುರ್ಶಾಸ್ಪ್ ಸುಲ್ತಾನನ ಮೇಲೆ ತಿರುಗಿಬಿದ್ದು, ಸೋತು, ಓಡಿಬಂದು ಕಂಪ್ಲಿಯ ದೊರೆ ಕಂಪಿಲರಾಯನ ಆಶ್ರಯ ಬೇಡಿದ. ಬೆನ್ನಿಗೇ ದೆಹಲಿಯ ಸೈನ್ಯವೂ ಬಂತು. ಇನ್ನು ಉಳಿಗಾಲವಿಲ್ಲವೆಂದು ತಿಳಿದ ಕಂಪಿಲರಾಯ ಅತಿಥಿಯನ್ನು ಹೊಯ್ಸಳ ಬಲ್ಲಾಳನ ಕಡೆಗೆ ಸಾಗಿಸಿ, ತಾನು ಕಾದಾಡಿ ಸತ್ತ. ಇದು 1327ರ ಸುಮಾರಿನ ಮಾತು, ಇಬ್ನ್ ಬತೂತನ ಪ್ರವಾಸಕಥನದಲ್ಲಿ ಬರುತ್ತದೆ. ಬಲ್ಲಾಳನೋ, ಬಂದವನನ್ನು ದೆಹಲಿಯವರ ಕೈಗೆ ಒಪ್ಪಿಸಿಬಿಟ್ಟ. ಒಬ್ಬನೇ ಪ್ರಯಾಣಿಕ, ಎರಡು ರಾಜ್ಯಗಳು, ಎರಡು ತೀರ್ಮಾನಗಳು. ತನ್ನ ನೆಲದ ಮೇಲೆ ಒಬ್ಬನನ್ನು ದಾಟಿಸಿ ಕಳಿಸಿದ್ದಕ್ಕೆ ಒಂದು ರಾಜ್ಯ ತೆತ್ತ ಬೆಲೆ ಕಡಿಮೆಯದಲ್ಲ. ಕಂಪಿಲರಾಯನ ಮಗ ಕುಮಾರರಾಮನ ಕಥೆ ಹಾಡುವವರು ಈ ಭಾಗಕ್ಕೆ ಇನ್ನಷ್ಟು ಬಣ್ಣ ಹಚ್ಚುತ್ತಾರೆ. ನಮಗೆ ಸದ್ಯಕ್ಕೆ ಇಷ್ಟು ಸಾಕು.

ಮುಂದಿನ ಶತಮಾನದಲ್ಲಿ ಹಂಪಿಗೆ ಬಂದ ಅಬ್ದುರ್ ರಜಾಕನದು ಕಾಗದಪತ್ರದ ಕಷ್ಟ. ಪಾರಸಿ ದೊರೆ ಶಾರುಖನ ರಾಯಭಾರಿಯಾಗಿ ಅವನು 1442ರ ಜನವರಿಯಲ್ಲಿ ಹೆರಾತಿನಿಂದ ಹೊರಟ. ಹೊರಟದ್ದು ವಿಜಯನಗರಕ್ಕಲ್ಲ, ಕಲ್ಲಿಕೋಟೆಗೆ. ಅಲ್ಲಿನ ದೊರೆ ಸಾಮೂದಿರಿಯ ಆಸ್ಥಾನದಲ್ಲಿ ಅವನಿಗೆ ಹೇಳಿಕೊಳ್ಳುವಂಥ ಮರ್ಯಾದೆಯೇನೂ ಸಿಗಲಿಲ್ಲ, ತಿಂಗಳುಗಟ್ಟಲೆ ಕೊಳೆತ. ಅಷ್ಟರಲ್ಲಿ ವಿಜಯನಗರದ ಎರಡನೆಯ ದೇವರಾಯನಿಂದ ಆ ರಾಯಭಾರಿಯನ್ನು ನಮ್ಮಲ್ಲಿಗೆ ಕಳಿಸಿಕೊಡಿ ಎಂದು ಕರೆ ಬಂತು. ಕಲ್ಲಿಕೋಟೆ ವಿಜಯನಗರದ ಅಧೀನವಲ್ಲ, ಆದರೂ ಸಾಮೂದಿರಿಗೆ ರಾಯನ ಭಯವಿದೆ ಎಂದು ರಜಾಕನೇ ಬರೆದಿದ್ದಾನೆ. ಕಳಿಸದೆ ವಿಧಿಯಿರಲಿಲ್ಲ. ಸಮುದ್ರದ ಮೇಲೆ ಮಂಗಳೂರು, ಅಲ್ಲಿಂದ ಘಟ್ಟ ಹತ್ತಿ 1443ರ ಏಪ್ರಿಲ್ ಕೊನೆಗೆ ಅವನು ವಿಜಯನಗರ ಮುಟ್ಟಿದ.

ಇಲ್ಲಿ ಸ್ವಾಗತವೇನೋ ಭರ್ಜರಿಯಾಗಿತ್ತು. ಇಳಿದುಕೊಳ್ಳಲು ಮನೆ, ದಿನದಿನವೂ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆಯ ಪಡಿ, ಮೇಲೆ ಎರಡು ವರಹ. ಇಷ್ಟರ ನಡುವೆ ಹೊರ್ಮುಜಿನ ಕೆಲವು ವರ್ತಕರು ಆಸ್ಥಾನದಲ್ಲಿ ಒಂದು ಪಿಸುಮಾತು ಬಿಟ್ಟರು. ಈತ ಶಾರುಖನು ಕಳಿಸಿದ ನಿಜವಾದ ರಾಯಭಾರಿಯೇ ಅಲ್ಲ ಎಂದು. ಮಂತ್ರಿ ದಂಡಿನ ಜೊತೆ ಕಲಬುರಗಿಯ ಕಡೆ ಹೋಗಿದ್ದಾಗ ಅವನ ಜಾಗದಲ್ಲಿ ಕೂತಿದ್ದ ಅಧಿಕಾರಿ ರಜಾಕನ ಪಡಿಗೂ ಕತ್ತರಿ ಹಾಕಿದ. ರಾಯ ಉದಾರವಾಗಿಯೇ ನಡೆದುಕೊಂಡ, ತನ್ನ ದೂತರನ್ನೂ ಜೊತೆಗೂಡಿಸಿ ಆ ವರ್ಷದ ಡಿಸೆಂಬರಿನಲ್ಲಿ ಬೀಳ್ಕೊಟ್ಟ. ಆದರೂ ಬೀಳ್ಕೊಡುವಾಗ ಆ ಅನುಮಾನದ ಮಾತನ್ನು ಎತ್ತದೆ ಬಿಡಲಿಲ್ಲ, ಅದಿಲ್ಲದಿದ್ದರೆ ಇನ್ನೂ ಹೆಚ್ಚು ಆದರಿಸುತ್ತಿದ್ದೆವು ಎಂದ. ರಜಾಕನ ಕೈಯಲ್ಲಿದ್ದ ಪತ್ರ ಅಸಲಿಯೇ. ಅದನ್ನು ಅಸಲಿ ಎಂದು ಪರೀಕ್ಷಿಸುವ ಉಪಾಯ ಮಾತ್ರ ಯಾರ ಬಳಿಯೂ ಇರಲಿಲ್ಲ. ಪಾಸ್‌ಪೋರ್ಟಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ಉಪಾಯ ಹುಡುಕಿದ ಚರಿತ್ರೆಯೇ ಎಂದು ನನಗೆ ತೋರುತ್ತದೆ.

ಇದೇ ರಜಾಕ ಕಲ್ಲಿಕೋಟೆಯಲ್ಲಿ ಕಂಡ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಬೇರೆ ಬಂದರುಗಳಲ್ಲಿ, ಎಲ್ಲಿಗೋ ಹೊರಟ ಹಡಗು ಗಾಳಿಗೆ ಸಿಕ್ಕಿ ದಾರಿತಪ್ಪಿ ಬಂದರೆ, ದೇವರೇ ಕೊಟ್ಟದ್ದೆಂದು ಅದನ್ನು ದೋಚುತ್ತಿದ್ದರಂತೆ. ಕಲ್ಲಿಕೋಟೆಯಲ್ಲಿ ಹಾಗಿಲ್ಲ, ಎಲ್ಲಿಂದ ಬಂದ ಹಡಗೇ ಇರಲಿ, ಎಲ್ಲಿಗೆ ಹೊರಟದ್ದೇ ಇರಲಿ, ಎಲ್ಲದಕ್ಕೂ ಒಂದೇ ಸುಂಕ, ಒಂದೇ ರಕ್ಷಣೆ. ಆಂಧ್ರ ಕರಾವಳಿಯ ಮೋಟುಪಲ್ಲಿಯಲ್ಲಿ ಕಾಕತೀಯ ಗಣಪತಿದೇವ ಇಂಥದೇ ಅಭಯವನ್ನು 1244ರಲ್ಲೇ ಕಲ್ಲಿನಲ್ಲಿ ಕೆತ್ತಿಸಿದ್ದ. ಇಳಿಯಲು ಬಂದವರಲ್ಲದ, ದಾಟಿಹೋಗುವವರ ಹಕ್ಕನ್ನು ಬರಹದಲ್ಲಿಟ್ಟ ಹಳೆಯ ದಾಖಲೆಗಳಲ್ಲಿ ಅದೊಂದು.

ಆಮೇಲೆ ಪೋರ್ಚುಗೀಸರು ಬಂದರು, ಸಮುದ್ರವೇ ತಮ್ಮದೆಂದರು. ಅರಬ್ಬಿ ಸಮುದ್ರದಲ್ಲಿ ಓಡಾಡುವ ಹಡಗಿಗೆ ಅವರ 'ಕರ್ತಾಜ್' ಎಂಬ ಪರವಾನಗಿ ಇರಬೇಕು. ಹಡಗಿನ ಹೆಸರು, ನಾಯಕನ ಹೆಸರು, ಹೊತ್ತ ಆಯುಧ, ಹೋಗುವ ದಾರಿ ಎಲ್ಲವನ್ನೂ ಅದರಲ್ಲಿ ಬರೆಯಿಸಬೇಕು, ನಡುವೆ ಪೋರ್ಚುಗೀಸ್ ಬಂದರು ಮುಟ್ಟಿ ಸುಂಕ ಕಟ್ಟಬೇಕು. ಇಲ್ಲದಿದ್ದರೆ ಹಡಗು ಅವರದು.

ನೆಲದ ಮೇಲಿನ ಸುಂಕದ ವಿಚಾರ ಹೇಳಿದವನು ನೂನಿಜ್. 1535ರ ಸುಮಾರಿಗೆ ಇಲ್ಲಿದ್ದ ಪೋರ್ಚುಗೀಸ್ ವರ್ತಕ. ಅವನ ಬರಹವನ್ನು ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದವರು ರಾಬರ್ಟ್ ಸೀವೆಲ್. ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ, ಅಂದರೆ ನಮ್ಮ ಹೊಸಪೇಟೆ, ಮತ್ತು ವಿಜಯನಗರ, ಈ ಎರಡಕ್ಕೂ ಸರಕು ಬರುವ ಹೆಬ್ಬಾಗಿಲೊಂದನ್ನು ವರ್ಷಕ್ಕೆ 12,000 ಪರ್ದಾವ್‌ಗಳಿಗೆ ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಊರಿನವನೂ ಒಳಗೆ ಹೋಗುವಂತಿಲ್ಲ, ಪರದೇಶಿಯೂ ಹೋಗುವಂತಿಲ್ಲ. ದಿನಕ್ಕೆ 2,000 ಹೇರೆತ್ತು ಆ ಬಾಗಿಲು ದಾಟುತ್ತಿದ್ದವು, ಒಂದೊಂದಕ್ಕೂ ಸುಂಕ. ಕೊಂಬಿಲ್ಲದ ಬೋಳೆತ್ತಿಗೆ ಮಾತ್ರ ರಾಜ್ಯದಲ್ಲೆಲ್ಲೂ ಸುಂಕವಿರಲಿಲ್ಲವಂತೆ! ಯಾಕೆಂದು ನೂನಿಜ್ ಹೇಳುವುದಿಲ್ಲ. ನಿಯಮವಿದ್ದ ಕಡೆ ವಿನಾಯಿತಿಯೂ ಇರುತ್ತದೆ, ಕೊಡುವವನಿಗೆ ಕಾರಣ ಹೇಳುವ ಹಂಗಿರುವುದಿಲ್ಲ. ಇಂದಿನ ವೀಸಾ ಪಟ್ಟಿಗಳನ್ನು ಓದುವಾಗಲೂ ನನಗೆ ಆ ಬೋಳೆತ್ತುಗಳು ನೆನಪಾಗುವುದುಂಟು.

ಹೇರೆತ್ತು ಅಂದಮೇಲೆ ಲಂಬಾಣಿಗರನ್ನು ಬಿಡಲಾಗದು. ಸಂಡೂರಿನ ತಾಂಡಾಗಳ ಕಸೂತಿಗೆ ಇಂದು ಭೌಗೋಳಿಕ ಸೂಚಕದ ಮುದ್ರೆ ಸಿಕ್ಕಿದೆ. ಅವರ ಹಿರಿಯರು ಮೊಗಲ್ ದಂಡಿಗೆ ಧಾನ್ಯ ಹೊತ್ತು ದಖನ್ನಿಗೆ ಬಂದವರು. ದಾರಿಯುದ್ದಕ್ಕೂ ನೀರಿಗೂ ಮೇವಿಗೂ ಯಾರೂ ಅಡ್ಡಿಮಾಡಬಾರದೆಂದು ಮೊಗಲ್ ವಜೀರ ಆಸಫ್ ಖಾನ್ ಭಂಗಿ ಮತ್ತು ಜಂಗಿ ನಾಯಕರಿಗೆ ತಾಮ್ರಪಟ ಬರೆದುಕೊಟ್ಟನೆಂಬ ಐತಿಹ್ಯ ಅವರಲ್ಲಿದೆ. ಒಂದಿಡೀ ಸಮುದಾಯಕ್ಕೆ ಸಿಕ್ಕ ದಾರಿಯ ಪರವಾನಗಿ ಅದು.

ಇನ್ನು ಸಂಡೂರಿನ ಪ್ರಸಂಗ. ನನಗಂತೂ ಇಡೀ ಚರಿತ್ರೆಯಲ್ಲಿ ಇದೇ ಅಚ್ಚುಮೆಚ್ಚು. 1815ರಲ್ಲಿ ಪೇಶ್ವೆ ಎರಡನೆಯ ಬಾಜಿರಾಯ ಕುಮಾರಸ್ವಾಮಿ ದರ್ಶನದ ನೆಪ ಹೇಳಿ ಸಂಡೂರಿನ ಕಡೆ ಹೊರಟ. ಯಾತ್ರೆಗೆ ಬರುವವನ ಹಿಂದೆ ಅಷ್ಟು ದೊಡ್ಡ ದಂಡೇಕೆ? ಸಂಡೂರನ್ನು ಆಳುತ್ತಿದ್ದ ಘೋರ್ಪಡೆ ಮನೆತನದ ಶಿವರಾಯನಿಗೆ ಅನುಮಾನ ಬಂತು. ದಾರಿಗಳನ್ನು ಅಡ್ಡಗಟ್ಟಿಸಿದ. ಹಾಗಂತ ದೇವರ ದರ್ಶನಕ್ಕೆ ಬಂದವನನ್ನು ಬರಬೇಡ ಎನ್ನಲಾದೀತೆ? ಪೇಶ್ವೆ ಮತ್ತು ಕೈಬೆರಳೆಣಿಕೆಯ ಪರಿವಾರ ಗುಡಿಗೆ ಹೋಗಬಹುದು, ದಂಡು ಆಚೆಯೇ ಇರಬೇಕು ಎಂದ. ಬಂದವನು ಯಾರು, ಎಷ್ಟು ಜನ, ಯಾತಕ್ಕೆ, ಯಾವ ದಾರಿಯಲ್ಲಿ: ಇಂದು ವೀಸಾ ಅರ್ಜಿಯಲ್ಲಿ ಕೇಳುವುದನ್ನೆಲ್ಲ ಶಿವರಾಯ ಅಂದೇ ಕೇಳಿದ್ದ. ಸಂಡೂರು ಸಣ್ಣದು, ಪೇಶ್ವೆ ದೊಡ್ಡವನು. ಅವನು ಬ್ರಿಟಿಷರೊಡನೆ ಮಾಡಿಕೊಂಡಿದ್ದ ಒಪ್ಪಂದದ ಬಲದಿಂದ ದೂರಿತ್ತ, 1817ರಲ್ಲಿ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಸೈನ್ಯದೊಡನೆ ಬಂದು ಸಂಡೂರನ್ನು ವಶಕ್ಕೆ ತೆಗೆದುಕೊಂಡ. ಮರುವರ್ಷ ಪೇಶ್ವೆಯೇ ಬಿದ್ದುಹೋದಾಗ ಸಂಸ್ಥಾನ ಶಿವರಾಯನಿಗೆ ಮರಳಿತು.

ಅಲ್ಲಿಂದ ಮುಂದೆ ಸುತ್ತಲೂ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ನಡುವೆ ಸಂಡೂರು ಎಂಬ ಪುಟ್ಟ ಸಂಸ್ಥಾನ. ಹೊಳೆಯಾಚೆ ನಿಜಾಮನ ಹೈದರಾಬಾದು. ತಳವಾರಘಟ್ಟದಲ್ಲಿ ಹರಿಗೋಲು ಹತ್ತಿದರೆ ಆನೆಗೊಂದಿ, ಕಂಪ್ಲಿಯಲ್ಲಿ ಹೊಳೆ ದಾಟಿದರೆ ಗಂಗಾವತಿಯ ದಾರಿ, ಎರಡೂ ನಿಜಾಮನ ರಾಜ್ಯ. ಅಲ್ಲಿ ನಡೆಯುತ್ತಿದ್ದ ಹಣ ಹಾಲಿ ಸಿಕ್ಕಾ, ಬ್ರಿಟಿಷ್ ನೂರು ರೂಪಾಯಿಗೆ ನೂರಹದಿನಾರು ಚಿಲ್ಲರೆ. ಅಂಚೆಚೀಟಿ ಬೇರೆ. ಸರಕಿಗೆ ಕರೋಡಗಿರಿ ಸುಂಕ. ಬೀಗರ ಮನೆಗೆ ಹೋಗುವವನಿಗೆ ಯಾರೂ ಕಾಗದ ಕೇಳುತ್ತಿರಲಿಲ್ಲ ನಿಜ. ಆದರೆ ಸೀಮೆ ದಾಟಿ ಹಡಗು ಹತ್ತಲು ಹೊರಟರೆ ವ್ಯತ್ಯಾಸ ಬಯಲಾಗುತ್ತಿತ್ತು. ಹೊಸಪೇಟೆಯಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ, ಸಂಡೂರಿನಲ್ಲೋ ಆನೆಗೊಂದಿಯಲ್ಲೋ ಹುಟ್ಟಿದವನು ಬ್ರಿಟಿಷರ ರಕ್ಷಣೆಗೆ ಒಳಪಟ್ಟವನು ಅಷ್ಟೇ. ಒಂದು ಹಗಲಿನ ನಡಿಗೆಯೊಳಗೆ ಮೂರು ದೊರೆತನ, ಎರಡು ಬಗೆಯ ಮನುಷ್ಯರು.

1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದಿಗೆ ನುಗ್ಗಿದಾಗ ಹೊಸಪೇಟೆಯ ಕಡೆಯಿಂದಲೂ ಒಂದು ಪಡೆ ಹೋಗಿ ತುಂಗಭದ್ರೆಯ ಸೇತುವೆ ಹಿಡಿಯಿತು. 17ರಂದು ನಿಜಾಮ ಶರಣಾದ. 1949ರಲ್ಲಿ ಸಂಡೂರು ಮದರಾಸಿಗೆ ಸೇರಿತು, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ, 1956ರ ನವೆಂಬರ್ 1ರಂದು ಹೊಳೆಯಾಚೆಯ ಸೀಮೆಯೂ ಅದೇ ರಾಜ್ಯಕ್ಕೆ. ಈಚೆಗೆ 2021ರಲ್ಲಿ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಹೋದವು, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಪಾಸ್‌ಪೋರ್ಟಿನಲ್ಲಿ ಹಳೆಯ ಜಿಲ್ಲೆಯ ಹೆಸರಿದೆ ಎಂದು ಗಾಬರಿಯಾಗುವವರಿದ್ದಾರೆ. ನಡುದಾರಿಯ ಅಧಿಕಾರಿಗೆ ನಿಮ್ಮ ಜಿಲ್ಲೆ ಬೇಕಿಲ್ಲ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ತಾಳೆಯಾಗಬೇಕು, ತಾರೀಖು ಮುಗಿದಿರಬಾರದು.

ಈ ತಾರೀಖು ಎಲ್ಲಿಂದ ಬಂತು? ಮೊದಲ ಮಹಾಯುದ್ಧದವರೆಗೆ ಜಗತ್ತಿನ ಬಹುಪಾಲು ಜನ ಪಾಸ್‌ಪೋರ್ಟಿಲ್ಲದೆ ಓಡಾಡಿದರು. ಯುದ್ಧದ ಅನುಮಾನ ಯುದ್ಧ ಮುಗಿದರೂ ಮುಗಿಯಲಿಲ್ಲ. 1920ರಲ್ಲಿ ಭಾರತಕ್ಕೆ ಪಾಸ್‌ಪೋರ್ಟ್ ಕಾಯ್ದೆ ಬಂತು. ಅದೇ ವರ್ಷ ರಾಷ್ಟ್ರಸಂಘದವರು ಪ್ಯಾರಿಸ್ಸಿನಲ್ಲಿ ಸಭೆ ಸೇರಿ 32 ಪುಟಗಳ ಪುಸ್ತಿಕೆಯ ಮಾದರಿ ಗೊತ್ತುಮಾಡಿದರು. ದಾಟಿಹೋಗುವವರ ಬಗ್ಗೆ ಆ ಸಭೆ ಧಾರಾಳವಾಗಿತ್ತು. ಸೇರುವ ದೇಶದ ವೀಸಾ ಇದ್ದರೆ ನಡುವಿನ ದೇಶ ಹೆಚ್ಚಿನ ವಿಚಾರಣೆಯಿಲ್ಲದೆ ದಾರಿ ಬಿಡಬೇಕು, ಸಾಮಾನ್ಯ ವೀಸಾಕ್ಕೆ 10 ಚಿನ್ನದ ಫ್ರಾಂಕ್ ಮೀರಬಾರದು, ದಾರಿಯ ವೀಸಾಕ್ಕೆ ಒಂದೇ ಫ್ರಾಂಕ್ ಎಂದು ಶಿಫಾರಸು ಮಾಡಿತು. ನೂರು ವರ್ಷದ ಮೇಲೆ ನೋಡಿದರೆ ನಾವು ಅಲ್ಲಿಂದ ಹಿಂದಕ್ಕೇ ಬಂದಂತಿದೆ.

ಭಾರತದಲ್ಲಿ ಪಾಸ್‌ಪೋರ್ಟ್ ಸರ್ಕಾರದ ಕೃಪೆಯೋ ಪ್ರಜೆಯ ಹಕ್ಕೋ ಎಂಬ ಪ್ರಶ್ನೆ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ 1967ರ ಏಪ್ರಿಲಿನಲ್ಲಿ ತೀರ್ಮಾನವಾಯಿತು. ವಿದೇಶ ಪ್ರಯಾಣ ವ್ಯಕ್ತಿಸ್ವಾತಂತ್ರ್ಯದ ಭಾಗ ಎಂದಿತು ಸುಪ್ರೀಂ ಕೋರ್ಟು. ಜೂನ್ ಹೊತ್ತಿಗೆ ಹೊಸ ಕಾಯ್ದೆಯೇ ಬಂತು. ಈಗ ದೊಡ್ಡವರಿಗೆ 10 ವರ್ಷದ ಪಾಸ್‌ಪೋರ್ಟ್. ಒಂದು ಕಾಲಕ್ಕೆ 20 ವರ್ಷ ಬಾಳುವ ಕೈಬರಹದವೂ ಇದ್ದವು. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ನಿಯಮದಂತೆ 2015ರ ನವೆಂಬರ್ 24ಕ್ಕೆ ಕೈಬರಹದ ಪಾಸ್‌ಪೋರ್ಟುಗಳ ಕಾಲ ಮುಗಿಯಿತು. ತಾರೀಖು ಉಳಿದಿದ್ದರೂ ಯಂತ್ರ ಓದಲಾಗದ ಪುಸ್ತಕವನ್ನು ವಿದೇಶಗಳು ಒಪ್ಪದೆ ಹೋಗಬಹುದು ಎಂಬಂತಾಯಿತು.

ಅಂದರೆ ಮುದ್ರಿಸಿದ ಆಯುಸ್ಸು ಬೇರೆ, ನಡೆಯುವ ಆಯುಸ್ಸು ಬೇರೆ. ಸಿಂಗಪುರ, ಸಂಯುಕ್ತ ಅರಬ್ ಎಮಿರೇಟ್ಸ್ ಒಳಗೆ ಬರುವವರ ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಬಾಳಬೇಕು ಎನ್ನುತ್ತವೆ. ಯುರೋಪಿನ ಷೆಂಗೆನ್ ದೇಶಗಳಿಗೆ, ಅಲ್ಲಿಂದ ಹೊರಡುವ ದಿನದಿಂದ ಮೂರು ತಿಂಗಳು. ಬಂದವನಿಗೆ ಕಾಯಿಲೆಯಾಗಿ, ವಿಮಾನ ತಪ್ಪಿ, ಉಳಿಯಬೇಕಾದರೆ ಅವನ ಕಾಗದ ಸತ್ತಿರಬಾರದು, ವಾಪಸು ಕಳಿಸಲು ಅವನದೊಂದು ದೇಶವಿರಬೇಕು ಎಂಬ ಲೆಕ್ಕ. ಅಮೆರಿಕ ಭಾರತದ ಪಾಸ್‌ಪೋರ್ಟಿಗೆ ಆ ಆರು ತಿಂಗಳನ್ನು ಬಿಟ್ಟುಕೊಟ್ಟಿದೆ. ಅದನ್ನೇ ನಂಬಿ ಹೊರಟವರನ್ನು ನಡುವಿನ ಊರು ತಡೆಯಬಹುದು.

ತಡೆಯುವುದು ಯಾವಾಗ? ವಿಮಾನ ನಿಲ್ದಾಣದ ಒಳಗೇ ಉಳಿದು, ಒಂದೇ ಟಿಕೆಟ್ಟಿನಲ್ಲಿ ಮುಂದಿನ ವಿಮಾನ ಹತ್ತಿದರೆ ಅನೇಕ ದೇಶಗಳು ನಿಮ್ಮನ್ನು ಒಳಗೆ ಬಂದವರೆಂದು ಎಣಿಸುವುದಿಲ್ಲ. ಅಗ್ಗವೆಂದು ಎರಡು ಬೇರೆ ಟಿಕೆಟ್ ತೆಗೆದರೆ ಪೆಟ್ಟಿಗೆ ಇಳಿಸಿಕೊಂಡು ಮತ್ತೆ ಒಪ್ಪಿಸಲು ಹೊರಗೆ ಬರಬೇಕಾಗಬಹುದು. ಆಗ ನೀವು ಪ್ರವೇಶಿಸಿದಿರಿ, ಆರು ತಿಂಗಳೂ ವೀಸಾ ಪ್ರಶ್ನೆಯೂ ಒಟ್ಟಿಗೆ ಬಂದವು. ಅಮೆರಿಕದಲ್ಲಂತೂ ಒಳಗೇ ಉಳಿಯುವ ಸೌಕರ್ಯವಿಲ್ಲ, ವಿಮಾನ ಬದಲಿಸುವವರೂ ವಲಸೆ ತಪಾಸಣೆ ಮುಗಿಸಲೇಬೇಕು. ಬ್ರಿಟನ್ನಿನಲ್ಲಿ ಒಳಗೇ ಕೂತಿದ್ದರೂ, ವಿನಾಯಿತಿಯ ಪಟ್ಟಿಯಲ್ಲಿಲ್ಲದ ಭಾರತೀಯರಿಗೆ ದಾರಿಯ ವೀಸಾ ಬೇಕು.

ಇದನ್ನೆಲ್ಲ ಮೊದಲು ನೋಡುವವರು ಆ ದೇಶದ ಅಧಿಕಾರಿಗಳಲ್ಲ, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೌಂಟರಿನಲ್ಲಿ ಕೂತ ವಿಮಾನ ಕಂಪನಿಯವರು. 1987ರಲ್ಲಿ ಬ್ರಿಟನ್ ಒಂದು ಕಾಯ್ದೆ ತಂದು, ಕಾಗದ ಸರಿಯಿಲ್ಲದವರನ್ನು ಹೊತ್ತು ತಂದ ಕಂಪನಿಗೆ ತಲೆಗೆ 1,000 ಪೌಂಡ್ ದಂಡ ಹಾಕಿತು, ಆಮೇಲೆ ಅದನ್ನು ದುಪ್ಪಟ್ಟು ಮಾಡಿತು. ಬೇರೆ ದೇಶಗಳಲ್ಲೂ ಇಂಥ ದಂಡಗಳಿವೆ. ಹೆಬ್ಬಾಗಿಲು ಮತ್ತೆ ಗುತ್ತಿಗೆದಾರನ ಕೈಗೆ ಹೋಯಿತು. ಕಂಪನಿಯವರು ನೋಡುವ ದತ್ತಾಂಶ ಸಂಗ್ರಹದ ಹೆಸರು ಟೈಮ್ಯಾಟಿಕ್, ಅದರಲ್ಲಿ ಕೆಂಪು ಬಂದರೆ ವಾದಿಸಿ ಪ್ರಯೋಜನವಿಲ್ಲ. ಟಿಕೆಟ್ ಕೊಳ್ಳುವ ಮೊದಲೇ ಕಂಪನಿಯವರನ್ನು ಕೇಳಿ, ನಡುವಿನ ದೇಶದ ಅಧಿಕೃತ ತಾಣವನ್ನು ನೋಡಿ. ಹಿಂದಿನ ವರ್ಷ ಹೋಗಿಬಂದ ನೆಂಟರ ಮಾತು ಆಧಾರವಲ್ಲ, ಈ ಪಟ್ಟಿಗಳು ಬದಲಾಗುತ್ತಲೇ ಇರುತ್ತವೆ.

ಪಾಸ್‌ಪೋರ್ಟಿನ ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಮರುಮುದ್ರಣಕ್ಕೆ ಅರ್ಜಿ ಹಾಕಬಹುದು. ಹದಿನೆಂಟು ತುಂಬದ ಮಕ್ಕಳ ಪಾಸ್‌ಪೋರ್ಟು ಸಾಮಾನ್ಯವಾಗಿ ಐದು ವರ್ಷಕ್ಕೇ ಮುಗಿಯುತ್ತದೆ, ಅಪ್ಪ ಅಮ್ಮನದು ಹತ್ತು ವರ್ಷವಿದ್ದರೂ. ಹಳೆಯ ಪುಸ್ತಕದಲ್ಲಿ ಅವಧಿ ಉಳಿದ ವೀಸಾ ಇದ್ದರೆ ಅದನ್ನು ಮನೆಯಲ್ಲಿಟ್ಟು ಹೋಗಬೇಡಿ, ಎರಡೂ ಪುಸ್ತಕ ಕೈಚೀಲದಲ್ಲಿರಲಿ.