ಕೊಡುವ ಕೈ ಮತ್ತು ಶಾಲೆಯ ಒಡೆತನ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಇಂಗ್ಲೆಂಡಿನಲ್ಲಿ ಹಲವು ವರ್ಷಗಳಿಂದ ಕಾಯಕ ಮಾಡಿಕೊಂಡಿರುವ ನನಗೆ ಅಲ್ಲಿಯ ಶಿಕ್ಷಣದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಪೂಜ್ಯರು ಅಪ್ಪಣೆ ಮಾಡಿದ್ದಾರೆ. ಆ ದೇಶವನ್ನು ಹೊಗಳಲು ನಾನು ನಿಂತಿಲ್ಲ. ನಮ್ಮ ಬಡಾವಣೆಯ ಪ್ರೌಢಶಾಲೆಯೊಂದು ಕೈ ಬದಲಾಯಿಸಿದ ಸಂಗತಿಯನ್ನಷ್ಟೇ ಹೇಳುತ್ತೇನೆ. ಮಠಗಳ ನೆರಳಿನಲ್ಲಿ ಮಕ್ಕಳು ಓದುವ ನಮ್ಮ ನಾಡಿಗೂ ಅದರಲ್ಲಿ ವಿಚಾರವಿದೆ.

ಅಲ್ಲಿ ಊರ ಶಾಲೆಗಳು ಬಹುಕಾಲ ಸ್ಥಳೀಯ ಕೌನ್ಸಿಲಿನ ಅಧೀನದಲ್ಲಿದ್ದವು. 2000ದಲ್ಲಿ ಟೋನಿ ಬ್ಲೇರ್ ಸರಕಾರ ಹೊಸ ದಾರಿ ತೆಗೆಯಿತು. ಹಿಂದುಳಿದ ಶಾಲೆಯನ್ನು ಕೌನ್ಸಿಲಿನಿಂದ ಬಿಡಿಸಿ ಒಬ್ಬ ಪ್ರಾಯೋಜಕನಿಗೆ ಒಪ್ಪಿಸುವುದು. ಅದಕ್ಕೆ ಅಕಾಡೆಮಿ ಎಂದು ಹೆಸರು. ಮೊದಲ ಮೂರು 2002ರಲ್ಲಿ ತೆರೆದವು. ವ್ಯಾಪಾರಿಗಳು, ಚರ್ಚುಗಳು, ವಿಶ್ವವಿದ್ಯಾಲಯಗಳು ಪ್ರಾಯೋಜಕರಾಗಿ ಮುಂದೆ ಬಂದರು. ಆರಂಭದಲ್ಲಿ ಪ್ರಾಯೋಜಕ 20 ಲಕ್ಷ ಪೌಂಡಿನವರೆಗೆ ಹಣ ಹಾಕಬೇಕಿತ್ತು. ಕಟ್ಟಡದ ಉಳಿದ ವೆಚ್ಚ, ವರ್ಷವರ್ಷದ ಸಂಬಳ ಎಲ್ಲವೂ ಸರಕಾರದ ಬೊಕ್ಕಸದಿಂದ. ಮುಂದೆ ಆ ಹಣದ ಕಟ್ಟಳೆಯೂ ಹೋಯಿತು. ಇಂದು ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ ಶೇ. 80ಕ್ಕೂ ಹೆಚ್ಚು ಅಕಾಡೆಮಿಗಳೇ. ಪಕ್ಕದ ಸ್ಕಾಟ್ಲೆಂಡ್, ವೇಲ್ಸ್ ಈ ದಾರಿ ಹಿಡಿಯಲಿಲ್ಲ.

2016ರ ಕಾನೂನು ಇನ್ನೂ ಬಿಗಿಯಾಯಿತು. ಅದರಂತೆ ತಪಾಸಣೆಯಲ್ಲಿ ಅತಿ ಕೆಳಗಿನ ದರ್ಜೆ ಪಡೆದ ಕೌನ್ಸಿಲ್ ಶಾಲೆ ಅಕಾಡೆಮಿಯಾಗಲೇಬೇಕಿತ್ತು. ಆಗಬೇಕೋ ಬೇಡವೋ ಎಂದು ಪೋಷಕರನ್ನು ಕೇಳಬೇಕಾಗಿರಲಿಲ್ಲ. ಬರುವ ಪ್ರಾಯೋಜಕ ಶಾಲೆಯನ್ನು ಹೇಗೆ ಸುಧಾರಿಸುತ್ತೇನೆಂದು ತಿಳಿಸಿದರೆ ಸಾಕಿತ್ತು.

2018ರಲ್ಲಿ ನನ್ನ ಮಗಳ ಶಾಲೆಗೆ ಈ ಪ್ರಸಂಗ ಬಂತು. ಒಂದು ಸಂಜೆ ಪೋಷಕರನ್ನು ಕರೆದರು. ಪರದೆಯ ಮೇಲೆ ಹೊಸ ಹೆಸರು, ಹೊಸ ಲಾಂಛನ, ಹೊಸ ಸಮವಸ್ತ್ರ ತೋರಿಸಿದರು. ಬಸ್ ಓಡಿಸುವ ಒಬ್ಬ ತಂದೆ ಎದ್ದು ಕೇಳಿದರು: ‘ಈ ಮೈದಾನ ಯಾರದು?’ ಜಮೀನು ಕೌನ್ಸಿಲಿನದೇ, ಆದರೆ 125 ವರ್ಷದ ಗೇಣಿಗೆ ಹೋಗುತ್ತದೆ ಎಂದು ಉತ್ತರ ಬಂತು. ‘ಮುಖ್ಯೋಪಾಧ್ಯಾಯರನ್ನು ಯಾರು ನೇಮಿಸುತ್ತಾರೆ?’ ಟ್ರಸ್ಟು. ‘ಆ ಟ್ರಸ್ಟು ಎಲ್ಲಿದೆ?’ ಎರಡು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ. ಸಭೆ ಸ್ತಬ್ಧವಾಯಿತು.

ಆಮೇಲೆ ಆದದ್ದನ್ನು ಪಕ್ಷಪಾತವಿಲ್ಲದೆ ಹೇಳಬೇಕು. ಎರಡು ವರ್ಷದಿಂದ ಖಾಲಿಯಿದ್ದ ಗಣಿತ, ವಿಜ್ಞಾನ ಶಿಕ್ಷಕರ ಜಾಗ ತುಂಬಿತು. ಪಾಠ ಸರಿಯಾಗಿ ನಡೆಯತೊಡಗಿತು. ನನ್ನ ಮಗಳಿಗೂ ಅದರ ಲಾಭವಾಯಿತು. ಆದರೆ ಸಮವಸ್ತ್ರದ ಖರ್ಚು ಬಡವರಿಗೆ ಭಾರವಾಯಿತು. ಹಳೆಯ ಶಿಕ್ಷಕರು ಹಲವರು ಬಿಟ್ಟು ಹೋದರು. ಸಂಜೆ ಊರ ಮಕ್ಕಳು ಆಡುತ್ತಿದ್ದ ಮೈದಾನಕ್ಕೆ ಬೀಗ ಬಿತ್ತು. ದೂರು ಹೇಳಲು ಹೋದರೆ ಕೇಳುವವರು ಊರಲ್ಲಿರಲಿಲ್ಲ. ಶಾಲೆ ಸುಧಾರಿಸಿತು, ಆದರೆ ಊರಿನ ಕೈಯಿಂದ ಜಾರಿತು.

ಶರಣರೆ, ದಾನಕ್ಕೂ ದಾಸೋಹಕ್ಕೂ ಇರುವ ಅಂತರ ನನಗೆ ಅಲ್ಲಿ ಕಣ್ಣಿಗೆ ಕಟ್ಟಿತು. ದಾನಿಯ ಹೆಸರು ಗೋಡೆಯ ಮೇಲೆ ಉಳಿಯುತ್ತದೆ. ದಾಸೋಹಿ ತಾನು ಕೊಟ್ಟದ್ದು ಸಮಾಜದ್ದೇ ಎಂದು ತಿಳಿದು ಪಕ್ಕಕ್ಕೆ ಸರಿಯುತ್ತಾನೆ. ನಮ್ಮ ಹಿರಿಯರು ಇದನ್ನು ಬಲ್ಲವರು. ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. 1910ರಲ್ಲಿ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಕಟ್ಟಿದವರು ಏಳು ಮಂದಿ ಶಿಕ್ಷಕರು. ಅವರ ಬಂಡವಾಳ ತ್ಯಾಗವೇ.

ಈಗ ಇಲ್ಲಿಯೂ ದಾನಿಗಳು, ಕಂಪನಿಗಳು ಸರಕಾರಿ ಶಾಲೆಗಳನ್ನು ದತ್ತು ತೆಗೆದುಕೊಳ್ಳಲು ಬರುತ್ತಿದ್ದಾರೆ. ಬರಲಿ, ಸ್ವಾಗತ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಹೇಳಿದೆ, ಅರ್ಧದಷ್ಟು ಮಹಿಳೆಯರಿರಬೇಕೆಂದೂ ಹೇಳಿದೆ. ದಾನಿ ಬಂದ ದಿನ ಆ ಸಮಿತಿ ಮೂಲೆಗೆ ಬೀಳಬಾರದು. ಜಮೀನು ಯಾರ ಹೆಸರಿಗಿದೆ, ಶಿಕ್ಷಕರನ್ನು ಯಾರು ಆರಿಸುತ್ತಾರೆ, ದಾನಿ ಬಿಟ್ಟು ಹೋದರೆ ಮಕ್ಕಳ ಗತಿ ಏನು—ಈ ಮೂರು ಪ್ರಶ್ನೆ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಅನುದಾನವಿಲ್ಲದ ಖಾಸಗಿ ಶಾಲೆಗೆ ಆ ಸಮಿತಿಯ ಕಟ್ಟಳೆ ಇಲ್ಲ. ನಮ್ಮ ಸಮಾಜದ ಅನೇಕ ಶಾಲೆಗಳು ಅಂಥವು. ಕಾನೂನು ಕೇಳದಿದ್ದರೂ ನಮ್ಮ ತತ್ತ್ವ ಕೇಳುತ್ತದೆ. ಅನುಭವ ಮಂಟಪದಲ್ಲಿ ದಂಡನಾಯಕನಿಗೂ ಚಮ್ಮಾರನಿಗೂ ಮಾತಿತ್ತು. ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿ ಕೂಲಿ ಮಾಡುವ ತಾಯಿಗೆ ಒಂದು ಕುರ್ಚಿ ಇದೆಯೆ? ಪೂಜ್ಯರ ಸಮ್ಮುಖದಲ್ಲಿ ವಿನಂತಿಸುತ್ತೇನೆ: ಬರುವ ಶೈಕ್ಷಣಿಕ ವರ್ಷದಿಂದ ನಮ್ಮ ಶಾಲೆಗಳ ಮಂಡಳಿಗೆ ಪೋಷಕರೇ ಚುನಾಯಿಸಿದ ಇಬ್ಬರು ಬರಲಿ, ಅವರಲ್ಲಿ ಒಬ್ಬರು ತಾಯಿಯಾಗಿರಲಿ. ಜಮಾಖರ್ಚು ಶಾಲೆಯ ಫಲಕದ ಮೇಲೆ ಎಲ್ಲರೂ ಓದುವಂತೆ ಇರಲಿ.

ಶಾಲೆ ಕಟ್ಟಿದವರಿಗೆ ಗೌರವ ಸಲ್ಲಬೇಕು. ಒಡೆತನ ಮಾತ್ರ ಅಲ್ಲಿ ಓದುವ ಮಕ್ಕಳದು.