ಬಿಳಿ ಕೋಟಿನ ಜೇಬಿನಲ್ಲಿರುವ ಫೋನು

(ಜುಮಾ ಖುತ್ಬಾದ ಸಾರಾಂಶ)

 



ಈ ವಾರದ ವಿಷಯ ನಿಮ್ಮಲ್ಲಿ ಹೆಚ್ಚಿನವರಿಗೆ ತಮ್ಮದಲ್ಲ ಅನಿಸಬಹುದು. ಇಪ್ಪತ್ತು ವರ್ಷಗಳ ಹಿಂದೆ ನಾವು ಈ ಮದ್ರಸದಲ್ಲಿ ಕಲಿಸಲು ಬಂದಾಗ ಜಮಾಅತಿನಲ್ಲಿ ಒಬ್ಬನೇ ಒಬ್ಬ ಡಾಕ್ಟರ್ ಇರಲಿಲ್ಲ. ಇಂದು ಹತ್ತು ಹನ್ನೆರಡು ಮಕ್ಕಳು ಎಂಬಿಬಿಎಸ್ ಓದುತ್ತಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಿಶಿಯನ್ ಕೋರ್ಸಿನವರು ಬೇರೆ. ಗದ್ದೆ ಮಾರಿ ಓದಿಸಿದವರಿದ್ದೀರಿ, ಗಲ್ಫಿನಲ್ಲಿ ಹದಿನೈದು ವರ್ಷ ದುಡಿದು ಓದಿಸಿದವರಿದ್ದೀರಿ. ಮಕ್ಕಳು ಬಿಳಿ ಕೋಟು ಹಾಕಿಕೊಂಡು ಆಸ್ಪತ್ರೆಯ ವಾರ್ಡಿಗೆ ಕಾಲಿಡುವ ದಿನ ಅವರ ಜೇಬಿನಲ್ಲಿ ಒಂದು ಫೋನು ಇರುತ್ತದೆ. ಇಂದಿನ ಮಾತು ಆ ಫೋನಿನ ಬಗ್ಗೆ.

ಕೆಲವು ತಿಂಗಳ ಹಿಂದೆ ಅಸರ್ ನಮಾಝ್ ಮುಗಿದ ಮೇಲೆ ಒಬ್ಬ ಯುವಕ ನಮ್ಮ ಕೋಣೆಗೆ ಬಂದ. ಇಂಟರ್ನ್‌ಶಿಪ್‌ನಲ್ಲಿರುವವನು. ಬಂದು ಕುಳಿತವನು ಹತ್ತು ನಿಮಿಷ ಏನೂ ಹೇಳಲಿಲ್ಲ. ಅವನಿದ್ದ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ಒಬ್ಬರು ವಯಸ್ಸಾದ ಉಮ್ಮ ಕಾಲಿನ ಗಾಯಕ್ಕಾಗಿ ದಾಖಲಾಗಿದ್ದರು. ಡ್ರೆಸಿಂಗ್ ಮಾಡುವಾಗ ಸೀನಿಯರ್‌ಗೆ ತೋರಿಸಲೆಂದು ಉಮ್ಮನನ್ನು ಕೇಳಿಯೇ ಗಾಯದ ಫೋಟೋ ತೆಗೆದಿದ್ದ. ಅಲ್ಲಿಯವರೆಗೆ ಎಲ್ಲವೂ ಸರಿ. ಆದರೆ ರಾತ್ರಿ ಡ್ಯೂಟಿ ಮುಗಿಸಿ ಬಂದವನು ಅದೇ ಫೋಟೋವನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದ. ತನ್ನ ದಿನ ಹೇಗಿತ್ತು ಎಂದು ಎರಡು ಸಾಲು ಬರೆದ. ಜೊತೆಗೆ ಒಂದು ನಗುವ ಮುಖ.

"ಹೆಸರು ಹಾಕಿರಲಿಲ್ಲ ಉಸ್ತಾದ್, ಮುಖವೂ ಕಾಣುತ್ತಿರಲಿಲ್ಲ" ಎಂದ.

ಕಾಣುತ್ತಿದ್ದುದು ಚಾದರ. ಉಮ್ಮ ಮನೆಯಿಂದ ತಂದು ಹಾಸಿಕೊಂಡಿದ್ದ ಹೂವಿನ ಚಾದರ. ಡ್ರೆಸಿಂಗ್ ದಿನ ಕೇಳಲೆಂದು ಅವನ ನಂಬರನ್ನು ಉಮ್ಮನ ನೆರೆಮನೆಯ ಹುಡುಗಿ ತನ್ನ ಫೋನಿನಲ್ಲಿ ಉಳಿಸಿಕೊಂಡಿದ್ದಳು. ಅಂಗಳದ ಹಗ್ಗದ ಮೇಲೆ ಎಷ್ಟೋ ಬಾರಿ ಒಣಗುವುದನ್ನು ನೋಡಿದ್ದ ಚಾದರವನ್ನು ಅವಳು ಸ್ಟೇಟಸ್‌ನಲ್ಲಿ ಗುರುತಿಸಿದಳು. ಸಂಜೆಯೊಳಗೆ ಸೊಸೆಗೆ ಗೊತ್ತಾಯಿತು, ಮರುದಿನ ಉಮ್ಮನಿಗೂ ಗೊತ್ತಾಯಿತು. ಮನೆಗೆ ಹೋದ ಮೇಲೆ ಉಮ್ಮ ಮೂರು ವಾರ ಡ್ರೆಸಿಂಗ್‌ಗೆ ಹೋಗಲಿಲ್ಲ. ಕಾಲು ನೋವು ಎಂದರು, ಬಸ್ಸಿಲ್ಲ ಎಂದರು, ನಿಜ ಕಾರಣ ಹೇಳಲಿಲ್ಲ. ಮತ್ತೆ ಆಸ್ಪತ್ರೆಗೆ ಕರೆತಂದಾಗ ಗಾಯ ಮೊದಲಿಗಿಂತ ಹೆಚ್ಚಾಗಿತ್ತು.

ಇದನ್ನು ಮಿಂಬರಿನಲ್ಲಿ ಹೇಳಲು ಇಬ್ಬರಿಂದಲೂ ನಾವು ಅನುಮತಿ ಪಡೆದಿದ್ದೇವೆ. ಇಬ್ಬರೂ ನಮ್ಮ ಜಮಾಅತಿನವರಲ್ಲ. ಯಾವ ಊರು, ಯಾರ ಮನೆ ಎಂದು ಮಸೀದಿಯ ಮೆಟ್ಟಿಲಿಳಿಯುವಾಗಲೇ ಲೆಕ್ಕ ಹಾಕಲು ಶುರು ಮಾಡುವವರು ನಮ್ಮಲ್ಲಿದ್ದಾರೆ ಎಂದು ಗೊತ್ತಿದೆ. ದಯವಿಟ್ಟು ಬೇಡ.

ಸಹೋದರರೇ, ಸೂರಃ ಅನ್ನೂರ್‌ನಲ್ಲಿ ಅಲ್ಲಾಹನು ಇತರರ ಮನೆಯನ್ನು ಅನುಮತಿ ಕೇಳದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಆಜ್ಞಾಪಿಸಿದ್ದಾನೆ. ಈ ಅನುಮತಿಯ ನಿಯಮ ಇರುವುದೇ ದೃಷ್ಟಿಯ ಕಾರಣಕ್ಕಾಗಿ ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ವಾರ್ಡಿನಲ್ಲಿ ಹಾಸಿಗೆಯ ಸುತ್ತ ಎಳೆಯುವ ಹಸಿರು ಪರದೆಯೂ ಒಂದು ಬಾಗಿಲೇ. ಒಬ್ಬ ಹೆಣ್ಣುಮಗಳು ತನ್ನ ಸ್ವಂತ ಸಹೋದರನಿಗೂ ತೋರಿಸದ ದೇಹವನ್ನು ಇಪ್ಪತ್ತೆರಡು ವರ್ಷದ ಅಪರಿಚಿತ ಹುಡುಗನ ಮುಂದೆ ತೆರೆದಿಡುತ್ತಾಳೆ. ಆ ಅನುಮತಿ ಇರುವುದು ಚಿಕಿತ್ಸೆಗೆ ಮಾತ್ರ, ಆ ಹೊತ್ತಿಗೆ ಮಾತ್ರ, ಅಲ್ಲಿರುವ ಕಣ್ಣುಗಳಿಗೆ ಮಾತ್ರ. ಅವನ ಸ್ಟೇಟಸ್ ನೋಡುವವರಿಗೆ ಆಕೆ ಅನುಮತಿ ಕೊಟ್ಟಿಲ್ಲ.

ಸಾವಿರದ ನೂರು ವರ್ಷಗಳ ಹಿಂದೆ ರೇ ಮತ್ತು ಬಗ್ದಾದ್‌ನ ಆಸ್ಪತ್ರೆಗಳನ್ನು ನಡೆಸಿದ ಅಬೂಬಕರ್ ಅಲ್-ರಾಝಿ ತಮ್ಮ ಶಿಷ್ಯನಿಗೆ ವೈದ್ಯನ ನಡತೆಯ ಬಗ್ಗೆ ಒಂದು ಪತ್ರ ಬರೆದಿದ್ದಾರೆ. ಜನರು ತಂದೆ ತಾಯಿಯಿಂದ ಅಡಗಿಸುವುದನ್ನೂ ವೈದ್ಯನಿಗೆ ಅನಿವಾರ್ಯವಾಗಿ ಹೇಳುತ್ತಾರೆ, ಆದ್ದರಿಂದ ಗುಟ್ಟು ಕಾಯಬೇಕು ಎಂಬುದು ಅದರ ಆಶಯ. ಕ್ಯಾಮರಾ ಇಲ್ಲದ ಕಾಲದಲ್ಲಿ, ಬಾಯಿ ಮಾತಿಗೇ ಅಷ್ಟು ಎಚ್ಚರವಿತ್ತು.

"ನಿಜವನ್ನೇ ಹಾಕಿದ್ದೇವಲ್ಲ, ಸುಳ್ಳಲ್ಲವಲ್ಲ" ಎಂದು ವಾದಿಸುವ ಮಕ್ಕಳಿದ್ದಾರೆ. ಪ್ರವಾದಿ(ಸ)ರ ಬಳಿ ಇದೇ ಪ್ರಶ್ನೆ ಬಂದಿತ್ತು. ಹೇಳಿದ್ದು ನಿಜವಾಗಿದ್ದರೆ ಅದು ಗೀಬತ್, ಸುಳ್ಳಾಗಿದ್ದರೆ ಅಪವಾದ ಎಂದು ಅವರು ವಿವರಿಸಿದರು. ನಿಜವಾಗಿದ್ದರಿಂದಲೇ ಅದು ಗೀಬತ್ ಆಗುತ್ತದೆ.

ದೇಶದ ನಿಯಮವೂ ಇದನ್ನೇ ಹೇಳುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ, ಗುರುತು ಸಿಗುವ ರೀತಿಯಲ್ಲಿ ರೋಗಿಯ ಫೋಟೋವನ್ನಾಗಲಿ ಕಾಯಿಲೆಯ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ವೈದ್ಯರು ಪ್ರಕಟಿಸುವಂತಿಲ್ಲ. ಎಚ್‌ಐವಿ ಮತ್ತು ಮಾನಸಿಕ ಕಾಯಿಲೆಗಳ ವಿಷಯದಲ್ಲಂತೂ 2017ರ ಎರಡು ಪ್ರತ್ಯೇಕ ಕಾಯ್ದೆಗಳು ಗೌಪ್ಯತೆಯನ್ನು ಕಡ್ಡಾಯಗೊಳಿಸಿವೆ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಸಾಮಾಜಿಕ ಜಾಲತಾಣದ ಬಗ್ಗೆಯೇ ಮಾರ್ಗಸೂಚಿಯಿದ್ದ ಹೊಸ ನಿಯಮ ಹೊರಡಿಸಿತು. ರೋಗಿಯ ಫೋಟೋ, ಸ್ಕ್ಯಾನ್ ಹಾಕಬಾರದು, ಲೈಕು ಮತ್ತು ಫಾಲೋವರ್ಸ್‌ಗಳನ್ನು ಹಣ ಕೊಟ್ಟು ಕೊಳ್ಳಬಾರದು ಎಂದೆಲ್ಲ ಅದರಲ್ಲಿತ್ತು. ಅದೇ ತಿಂಗಳ 23ರಂದು ಇಡೀ ನಿಯಮವನ್ನು ತಡೆಹಿಡಿಯಲಾಯಿತು. ತಡೆಹಿಡಿದಿದ್ದಾರೆ ಎಂದು ನಮಗೆ ತಿಳಿಸಿದವನೂ ಒಬ್ಬ ವಿದ್ಯಾರ್ಥಿಯೇ, ಬಹಳ ಸಂತೋಷದಿಂದ! ಮಗನೇ, ಅಮಾನತನ್ನು ಯಾರೂ ತಡೆಹಿಡಿದಿಲ್ಲ, 2002ರ ನಿಯಮ ಜಾರಿಯಲ್ಲೇ ಇದೆ ಎಂದೆವು.

2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲೇ ಎರಡು ಸುದ್ದಿಗಳು ಬೆನ್ನುಬೆನ್ನಿಗೆ ಬಂದದ್ದು ನಿಮಗೆ ನೆನಪಿರಬಹುದು. ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಗುತ್ತಿಗೆ ವೈದ್ಯರೊಬ್ಬರು ಮದುವೆಗೆ ಮುಂಚಿನ ಫೋಟೋಶೂಟ್ ಮಾಡಿಸಿ ಕೆಲಸ ಕಳೆದುಕೊಂಡರು. ಗದಗದಲ್ಲಿ ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ 38 ವೈದ್ಯ ವಿದ್ಯಾರ್ಥಿಗಳ ತರಬೇತಿಯನ್ನು ಶಿಕ್ಷೆಯಾಗಿ ಹತ್ತು ದಿನ ಹೆಚ್ಚಿಸಲಾಯಿತು. ಜನರು ನಕ್ಕರು, ಬೈದರು, ಮರೆತರು. ಆ ಮಕ್ಕಳು ಕೆಟ್ಟವರು ಎಂದು ನಾವು ಹೇಳುವುದಿಲ್ಲ. ದಿನ, ರಾತ್ರಿ, ಮತ್ತೆ ದಿನ ಎಂದು ನಿದ್ದೆಯಿಲ್ಲದೆ ದುಡಿಯುವ ವಯಸ್ಸು ಅದು. ಮನೆಯವರು ದೂರ, ಸೀನಿಯರ್‌ಗಳ ಬೈಗುಳ ಹತ್ತಿರ. ನಾನೂ ಇದ್ದೇನೆ, ನನ್ನನ್ನೂ ಯಾರಾದರೂ ನೋಡಿ ಎಂಬ ಆಸೆ ಆ ಹೊತ್ತಿನಲ್ಲಿ ಯಾರಿಗೂ ಹುಟ್ಟೀತು. ನಮ್ಮ ಇಂಟರ್ನ್ ಕೂಡ ಇದನ್ನೇ ಹೇಳಿದ. ರೋಗಿಯನ್ನು ಅವಮಾನಿಸಲು ಹಾಕಿದ್ದಲ್ಲ, ತಾನು ಎಷ್ಟು ಕಷ್ಟದ ಕೆಲಸ ಮಾಡುತ್ತಿದ್ದೇನೆಂದು ತೋರಿಸಲು ಹಾಕಿದ್ದು. ಅವನನ್ನು ನಾವು ನಂಬಿದೆವು. ಆದರೆ ಅವನ ಕಷ್ಟವನ್ನು ತೋರಿಸಲು ಉಮ್ಮನ ಕಾಲು ಬೇಕಾಯಿತು.

ಕಲಿಯಲು ಫೋಟೋ ಬೇಕಾಗುತ್ತದೆ ಎಂಬುದನ್ನು ನಾವು ಬಲ್ಲೆವು. ವಿದ್ಯೆಗೆ ಅಡ್ಡಿ ಬರುವುದು ನಮ್ಮ ಉದ್ದೇಶವಲ್ಲ. ನಮ್ಮ ಜಮಾಅತಿನ ಡಾಕ್ಟರ್ ಒಬ್ಬರನ್ನು ಕೂರಿಸಿ ಕೇಳಿದಾಗ ಅವರು ಕೆಲವು ವಿಷಯ ಹೇಳಿದರು. ಬ್ಯಾಚಿನ ಗ್ರೂಪಿನಲ್ಲಿ ನೂರೈವತ್ತು ಜನರಿದ್ದರೆ ಅದು ಗುಟ್ಟಿನ ಜಾಗವಲ್ಲ, ಅಲ್ಲಿಂದ ಹೊರಗೆ ಹೋಗಲು ಒಂದು ಫಾರ್ವರ್ಡ್ ಸಾಕು. ಎಕ್ಸ್‌ರೇ ಫಿಲ್ಮಿನ ಮೂಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು ಇರುತ್ತವೆ, ಯಾರೂ ಗಮನಿಸುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ತಾನಾಗಿ ಗ್ಯಾಲರಿಗೆ ಇಳಿಯುತ್ತದೆ, ಗ್ಯಾಲರಿಯಿಂದ ಬ್ಯಾಕಪ್‌ಗೆ ಹೋಗುತ್ತದೆ, ಈದ್ ದಿನ ಫ್ಯಾಮಿಲಿ ಫೋಟೋ ತೋರಿಸಲು ಫೋನನ್ನು ಟಿವಿಗೆ ಜೋಡಿಸಿದರೆ ನಡುವೆ ಅದೂ ಬರುತ್ತದೆ. ಅವರ ಮನೆಯಲ್ಲೇ ಹೀಗಾಗಿತ್ತಂತೆ. ಆಸ್ಪತ್ರೆಯ ಪದ್ಧತಿಯಂತೆ ಒಪ್ಪಿಗೆ ಬರೆಸಿಕೊಂಡು ತೆಗೆಯಬೇಕು, ಕೆಲಸ ಮುಗಿದ ಕೂಡಲೇ ಅಳಿಸಬೇಕು. ಇನ್ನೊಂದು ಮಾತನ್ನೂ ಅವರು ಸೇರಿಸಿದರು. ಹಾಸಿಗೆ ಹಿಡಿದ ರೋಗಿ ಡಾಕ್ಟರಿಗೆ "ಬೇಡ" ಎನ್ನಲು ಹೆದರುತ್ತಾನೆ. ಆದ್ದರಿಂದ ಅವನು ತಲೆಯಾಡಿಸಿದ್ದೆಲ್ಲ ಒಪ್ಪಿಗೆಯಲ್ಲ.

ಇನ್ನು ಹೆಸರಿನ ಮುಂದಿನ "ಡಾ." ಎರಡನೇ ವರ್ಷದಲ್ಲಿರುವಾಗಲೇ ಇನ್‌ಸ್ಟಾಗ್ರಾಮಿನಲ್ಲಿ ಡಾಕ್ಟರ್ ಎಂದು ಬರೆದುಕೊಳ್ಳುವವರಿದ್ದಾರೆ. ತನ್ನಲ್ಲಿ ಇಲ್ಲದ್ದನ್ನು ಇದೆಯೆಂದು ತೋರಿಸಿಕೊಳ್ಳುವವನನ್ನು ಪ್ರವಾದಿ(ಸ)ರು ಸುಳ್ಳಿನ ಉಡುಪು ತೊಟ್ಟವನಿಗೆ ಹೋಲಿಸಿದ್ದಾರೆ. ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆ ಮಾಡಿದವನು ಆದ ಹಾನಿಗೆ ಹೊಣೆಗಾರ ಎಂದೂ ಹದೀಸಿನಲ್ಲಿದೆ. ಆ ಎರಡಕ್ಷರ ನೋಡಿಯೇ ಯಾರೋ ಒಬ್ಬ ತಾಯಿ ರಾತ್ರಿ ಹನ್ನೆರಡಕ್ಕೆ ಮಗುವಿನ ಜ್ವರಕ್ಕೆ ಮೆಸೇಜ್ ಮಾಡುತ್ತಾಳೆ, ಇವನು ಮಾತ್ರೆಯ ಹೆಸರು ಬರೆಯುತ್ತಾನೆ. ತಾಯಿ ನಂಬುತ್ತಾಳೆ.

ಪರಧರ್ಮದವರ ಬಗ್ಗೆ ಬರೆಯುವ ವಿಷಯವನ್ನು ಚಿಕ್ಕದಾಗಿ ಹೇಳುತ್ತೇವೆ. 2020ರ ಕೋವಿಡ್ ದಿನಗಳಲ್ಲಿ ನಮ್ಮ ಸಮುದಾಯದ ಮೇಲೆ ಏನೇನು ಬರೆದರೆಂದು ನಾವು ಮರೆತಿಲ್ಲ. ಅದನ್ನು ಓದಿ ಆಸ್ಪತ್ರೆಯ ಕ್ಯೂನಲ್ಲಿ ನಿಂತಾಗ ನಮ್ಮ ಎದೆಯಲ್ಲಿ ಇದ್ದ ಭಯವನ್ನು, ನಮ್ಮ ಮಕ್ಕಳ ಪೋಸ್ಟ್ ಓದಿದ ಇನ್ನೊಂದು ಧರ್ಮದ ರೋಗಿಯ ಎದೆಯಲ್ಲಿ ಹುಟ್ಟಿಸಬಾರದು.

ಒಳ್ಳೆಯ ಉದ್ದೇಶ ಇದ್ದರೂ ತಪ್ಪಾಗುವುದುಂಟು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದಲ್ಲಿ ತರಬೇತಿಯಲ್ಲಿದ್ದ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಲೆ ಮಾಡಲಾಯಿತು. ನ್ಯಾಯ ಕೇಳುತ್ತಲೇ ಆಕೆಯ ಹೆಸರು, ಫೋಟೋ ಹಂಚಿದವರು ಎಷ್ಟೋ ಮಂದಿ. ಕೊನೆಗೆ ಆಗಸ್ಟ್ 20ರಂದು ಅವುಗಳನ್ನು ಎಲ್ಲ ಜಾಲತಾಣಗಳಿಂದ ತೆಗೆಯುವಂತೆ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು.

ಈಗ ಹಿರಿಯರಾದ ನಮ್ಮ ಕಡೆಗೆ ಬರೋಣ. ಮಕ್ಕಳನ್ನು ಕೆಡಿಸುವುದರಲ್ಲಿ ನಮ್ಮ ಪಾಲೂ ಇದೆ. ಊರಿನ ಯಾರಾದರೂ ಆ ಆಸ್ಪತ್ರೆಗೆ ದಾಖಲಾದರೆ ಸಾಕು, "ಅವರಿಗೇನಂತೆ? ನೀನಲ್ಲೇ ಇದ್ದೀಯಲ್ಲ, ಫೈಲು ನೋಡು" ಎಂದು ಫೋನ್ ಮಾಡುವವರು ನಾವೇ. ಮದುವೆ ಸಂಬಂಧ ನೋಡುವಾಗ ಹುಡುಗಿಯ ರಿಪೋರ್ಟ್ ಕೇಳಿದವರ ಬಗ್ಗೆಯೂ ಕೇಳಿದ್ದೇವೆ. ಹ. ಅನಸ್(ರ) ಸಣ್ಣ ಹುಡುಗನಾಗಿದ್ದಾಗ ಪ್ರವಾದಿ(ಸ)ರು ಅವರನ್ನು ಒಂದು ಕೆಲಸಕ್ಕೆ ಕಳಿಸಿದರು. ಮನೆಗೆ ತಡವಾಗಿ ಬಂದ ಮಗನನ್ನು ತಾಯಿ ಉಮ್ಮು ಸುಲೈಮ್(ರ) ಕಾರಣ ಕೇಳಿದಾಗ, ಅದು ಗುಟ್ಟು ಎಂದರು ಅನಸ್. ತಾಯಿ ಗದರಿಸಲಿಲ್ಲ, "ನನಗಾದರೂ ಹೇಳು" ಎನ್ನಲಿಲ್ಲ. ಪ್ರವಾದಿಯವರ ಗುಟ್ಟನ್ನು ಯಾರಿಗೂ ಹೇಳಬೇಡ ಎಂದು ಮಗನನ್ನು ಬಲಪಡಿಸಿದರು. ಸಹೋದರಿಯರೇ, ನಿಮ್ಮ ಮಗಳು "ಉಮ್ಮ, ಅದನ್ನು ಕೇಳಬೇಡಿ" ಎಂದರೆ ಬೇಸರಪಡದಿರಿ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಹಿಂದೊಮ್ಮೆ ಇದೇ ಮಿಂಬರಿನಿಂದ ಒಬ್ಬರಿಗಾಗಿ ದುಆ ಮಾಡಲು ಕೇಳಿಕೊಳ್ಳುವಾಗ ಅವರ ಕಾಯಿಲೆಯ ಹೆಸರನ್ನೂ ಮೈಕಿನಲ್ಲಿ ಹೇಳಿದ್ದೆವು. ಅವರ ಮಕ್ಕಳಿಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೂಗಿಗೆ ಪೈಪ್ ಹಾಕಿದ ಮಗುವಿನ ಮುಖ, ಕೆಳಗೆ ಬ್ಯಾಂಕ್ ಖಾತೆಯ ನಂಬರು ಇರುವ ಪೋಸ್ಟರುಗಳೂ ಗ್ರೂಪುಗಳಲ್ಲಿ ಓಡಾಡುತ್ತವೆ. ಸಹಾಯ ನಿಲ್ಲಬಾರದು, ನಿಜ. ಆದರೆ ಆ ಮಗು ಗುಣವಾಗಿ ಶಾಲೆಗೆ ಹೋಗುವಾಗಲೂ ಆ ಪೋಸ್ಟರ್ ಯಾರದೋ ಫೋನಿನಲ್ಲಿ ಇರುತ್ತದೆ. ನಮ್ಮ ಕಮಿಟಿಯ ನೆರವಿನ ಮನವಿಗಳಲ್ಲಿ ಇನ್ನು ಮುಖ ಹಾಕುವುದು ಬೇಡ ಎಂದು ಕಳೆದ ವಾರ ತೀರ್ಮಾನವಾಗಿದೆ.

ಆ ಯುವಕ ಕೇಳಲು ಬಂದದ್ದು ಒಂದೇ ಪ್ರಶ್ನೆ. ಉಮ್ಮನ ಬಳಿ ಹೋಗಿ ಕ್ಷಮೆ ಕೇಳಬೇಕೋ, ಅಥವಾ ಅಲ್ಲಾಹನಲ್ಲಿ ತೌಬಾ ಮಾಡಿದರೆ ಸಾಕೋ? ನೊಂದವರಿಗೆ ವಿಷಯ ತಿಳಿದೇ ಇಲ್ಲದಿದ್ದರೆ, ಹೇಳಿ ಮತ್ತೆ ನೋಯಿಸುವ ಬದಲು ಅವರಿಗಾಗಿ ದುಆ ಮಾಡಿ, ಅವರ ಬಗ್ಗೆ ಒಳ್ಳೆಯದನ್ನು ಹೇಳಬೇಕು ಎಂದ ವಿದ್ವಾಂಸರಿದ್ದಾರೆ. ಇಲ್ಲಿ ಉಮ್ಮನಿಗೆ ತಿಳಿದಿತ್ತು. "ಹೋಗಲೇಬೇಕು ಮೋನೇ" ಎಂದೆವು. ಒಬ್ಬನೇ ಹೋಗಲು ಹೆದರಿದ, ನಾವೂ ಹೋದೆವು.

ಉಮ್ಮ ಬೈಯಲಿಲ್ಲ. ಬಹಳ ಹೊತ್ತು ನೆಲ ನೋಡುತ್ತಾ ಕುಳಿತಿದ್ದವರು, "ಎಷ್ಟು ಮಂದಿ ನೋಡಿದ್ರು ಮೋನೇ?" ಎಂದು ಕೇಳಿದರು. ಸ್ಟೇಟಸ್ ನೋಡಿದವರ ಲೆಕ್ಕ ಫೋನಿನಲ್ಲೇ ಬರುತ್ತದಲ್ಲ, ಅವನಿಗೆ ಸಂಖ್ಯೆ ಗೊತ್ತಿತ್ತು. ನಾವು ಅವನ ಕಡೆ ನೋಡಲಿಲ್ಲ. ಅವನು ಇನ್ನೂರ ಹದಿನಾಲ್ಕು ಎಂದ. ಸುಳ್ಳು ಹೇಳಲಿಲ್ಲ. ಉಮ್ಮ ಚಾದರವನ್ನು ಕಾಲಿನ ಮೇಲೆ ಎಳೆದುಕೊಂಡರು. ಆಮೇಲೆ, ಚಹಾ ಬಂದ ಮೇಲೆ, ಮುಂದಿನ ಡ್ರೆಸಿಂಗ್ ಯಾವತ್ತು, ನೀನೇ ಇರ್ತೀಯಾ ಎಂದು ಅವನನ್ನೇ ಕೇಳಿದರು.

ಈ ಖುತ್ಬಾಕ್ಕಾಗಿ ಅನುಮತಿ ಕೇಳಲು ಮತ್ತೆ ಹೋದಾಗ ಉಮ್ಮ ಒಂದು ಷರತ್ತು ಹಾಕಿದರು. ಬೇಕಾದರೆ ಹೇಳಿ ಉಸ್ತಾದ್, ಆದರೆ ಗಾಯ ಹೇಗಿತ್ತು ಎಂದು ಹೇಳಬೇಡಿ ಎಂದರು. ಅದಕ್ಕಾಗಿ ನಾವು ಅದನ್ನು ಹೇಳಿಲ್ಲ.

ಇಂದು ನಮಾಝಿನ ನಂತರ ವೈದ್ಯಕೀಯ, ನರ್ಸಿಂಗ್, ಲ್ಯಾಬ್ ಕೋರ್ಸುಗಳಲ್ಲಿರುವ ಮಕ್ಕಳು ಮದ್ರಸದ ಹಾಲಿನಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಮೇಲಿನ ಕೋಣೆ. ನಮ್ಮ ಡಾಕ್ಟರ್ ಇರುತ್ತಾರೆ. ಫೋನ್ ಜೊತೆಗಿರಲಿ. ಗ್ಯಾಲರಿ ತೆರೆದು ಅಳಿಸಬೇಕಾದ್ದನ್ನು ಅಲ್ಲೇ ಕುಳಿತು ಅಳಿಸೋಣ.